ಟೈಮ್‌ಕೀಪರನ ಮನೆಯ ಬ್ಯಾಟರಿ

ಆ ಸಂಜೆ ಆರು ಗಂಟೆಗೆ ಐದು ನಿಮಿಷ ಇರುವಾಗ ಕೋಟೇಶ್ವರದ ನಮ್ಮ ಅಡುಗೆಮನೆಯಲ್ಲಿ ನಾಲ್ವರಿದ್ದೆವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ದೊಡ್ಡ ಗ್ರೈಂಡರಿನ ಮುಂದೆ ನಿಂತ ನನ್ನ ಹೆಂಡತಿ ಗಿರಿಜ, ಮಣೆಯ ಮೇಲೆ ಕುಳಿತು ಬಾಳೆಕಾಯಿ ಹೆಚ್ಚುತ್ತಿದ್ದ ಅವಳ ತಾಯಿ ಅಂದರೆ ನನ್ನ ಅತ್ತೆ, ಕೈಗಡಿಯಾರದ ಮೇಲೆ ಕಣ್ಣು ನೆಟ್ಟ ನಾನು, ಮತ್ತು ಗೋಡೆಗೆ ಆನಿಸಿ ಕೂರಿಸಿದ ಬ್ಯಾಟರಿ. ಈ ನಾಲ್ವರಲ್ಲಿ ಮೈಯಲ್ಲಿ ತ್ರಾಣವಿಲ್ಲದವರು ಯಾರು, ತಲೆಯಲ್ಲಿ ಏನೂ ಇಲ್ಲದವರು ಯಾರು ಎಂಬುದು ಇನ್ನೈದು ನಿಮಿಷದಲ್ಲಿ ಬಯಲಾಗುವುದಿತ್ತು. ಅಷ್ಟರೊಳಗೆ ನನ್ನ ಪರವಾಗಿ ನಾಲ್ಕು ಮಾತು ಹೇಳಿಕೊಳ್ಳುತ್ತೇನೆ. ಆಮೇಲೆ ಹೇಳಿದರೆ ನೀವು ನಂಬಲಾರಿರಿ.

ನಾನು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರು. ಖಾಸಗಿ ಬಸ್ಸುಗಳ ನಾಡಿನಲ್ಲಿ ಹುಟ್ಟಿದವರಿಗೆ ಈ ಹುದ್ದೆಯ ಗಾಂಭೀರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲಾಡಿಯ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು, ಅದರ ಬಾಲ ಹಿಡಿದು ವಂಡ್ಸೆಯದು ಎಷ್ಟಕ್ಕೆ ಎಂಬುದೆಲ್ಲ ನನ್ನ ಸೀಟಿಯ ತುದಿಯಲ್ಲಿರುತ್ತದೆ. ಒಂದೇ ಒಂದು ನಿಮಿಷ ತಡವಾದರೂ ಹಿಂದಿನ ಬಸ್ಸಿನವನು ಮುಂದಿನವನ ಪ್ರಯಾಣಿಕರನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ. ಆಮೇಲೆ ಇಬ್ಬರೂ ಸೇರಿ ನನ್ನ ಕುತ್ತಿಗೆಗೆ ಬರುತ್ತಾರೆ. ಹಾಗಾಗಿ ನನ್ನಲ್ಲಿ ದಯೆ, ದಾಕ್ಷಿಣ್ಯ ಎಂಬುವು ಎಂದೋ ಒಣಗಿ ಹೋಗಿವೆ. "ಒಂದ್ ನಿಮ್ಷ ನಿಲ್ಸಿ ಮಾರಾಯ್ರೆ, ನಮ್ ಅಬ್ಬಿ ಬತ್ತಾ ಇತ್ತ್" ಎಂದು ಯಾರಾದರೂ ತಾಯಿಗಾಗಿ ಗೋಗರೆದರೆ, "ನಿಮ್ ಅಬ್ಬಿಗೆ ಮುಂದಿನ್ ಬಸ್ ಇತ್ತ್" ಎಂದು ಸೀಟಿ ಊದುವವನು ನಾನು. ಬೈಂದೂರಿನ ವಾಸು ಎಂಬ ಡ್ರೈವರು ಒಮ್ಮೆ ಕೈಯಲ್ಲಿ ಬಿಸಿ ಚಹಾದ ಗ್ಲಾಸು ಹಿಡಿದುಕೊಂಡೇ ಬಸ್ಸು ಹೊರಡಿಸುವಂತೆ ಮಾಡಿದ್ದೆ. ಆ ಗ್ಲಾಸು ಹೋಟೆಲಿಗೆ ವಾಪಸು ಬಂದದ್ದು ಮರುದಿನ. ಅಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಟೈಮಣ್ಣ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

ಇಂಥ ನನಗೆ ಮನೆಯಲ್ಲಿ ಮೂರು ಕಾಸಿನ ಅಧಿಕಾರವಿರಲಿಲ್ಲ ಎಂಬುದು ನನ್ನ ಬಹುಕಾಲದ ಕೊರಗು. ಅಷ್ಟರಲ್ಲಿ ಮನೆಗೆ ಹೊಸ ಮೀಟರು ಬಂತು. ಇನ್ನು ಮುಂದೆ ಕರೆಂಟಿಗೆ ಇಡೀ ದಿನ ಒಂದೇ ದರವಲ್ಲ, ಸಂಜೆ ಆರರಿಂದ ಹತ್ತರವರೆಗೆ ದುಬಾರಿ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅಗ್ಗ ಎಂದು ತಿಳಿದಾಗ ನನ್ನ ಎದೆ ಉಬ್ಬಿತು. ಕರೆಂಟೂ ಟೈಮಿನ ಮೇಲೆ ಓಡುತ್ತದೆ ಎಂದಾದರೆ ಈ ಮನೆಯಲ್ಲಿ ಅದನ್ನು ಬಲ್ಲವರು ಇನ್ಯಾರು? ಅಂದೇ ಒಂದು ಬಿಳಿ ರಟ್ಟಿನ ಮೇಲೆ ಬಸ್ಸಿನ ವೇಳಾಪಟ್ಟಿಯ ಮಾದರಿಯಲ್ಲೇ ಕೆಂಪು, ಹಸಿರು ಶಾಯಿಯಲ್ಲಿ ಬರೆದು ಅಡುಗೆಮನೆಯಲ್ಲಿ ಪಂಚಾಂಗದ ಪಕ್ಕ ತೂಗುಹಾಕಿದೆ. ಮಿಕ್ಸಿ ಎಷ್ಟು ಗಂಟೆಗೆ, ಇಸ್ತ್ರಿಪೆಟ್ಟಿಗೆ ಎಷ್ಟಕ್ಕೆ, ಪಂಪು ಎಷ್ಟಕ್ಕೆ ಹೊರಡಬೇಕು ಎಂಬುದೆಲ್ಲ ಅದರಲ್ಲಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಮಿಕ್ಸಿ ಬೈಂದೂರ್ ಬದಿಗ್ ಹೋತ್ತಾ, ಬ್ರಹ್ಮಾವರದ್ ಬದಿಗಾ?" ಎಂದು ಕೇಳಿದರು.

ತೊಂದರೆ ಬಂದದ್ದು ಗ್ರೈಂಡರಿನಿಂದ. ಗಿರಿಜ ಹನ್ನೊಂದು ವರ್ಷಗಳಿಂದ ಮನೆಯಲ್ಲೇ ಉದ್ದಿನ ದೋಸೆಯ ಹಿಟ್ಟು ರುಬ್ಬಿ ಅಕ್ಕಪಕ್ಕದ ಮನೆಗಳಿಗೆ, ಹಟ್ಟಿಯಂಗಡಿಯ ಒಂದು ಕ್ಯಾಂಟೀನಿಗೆ ಕೊಡುತ್ತಾಳೆ. ಬೋರ್ಡಿಲ್ಲ, ಜಾಹೀರಾತಿಲ್ಲ, ಹಿಟ್ಟೇ ಅವಳ ಬೋರ್ಡು. ಅವಳು ರುಬ್ಬುವುದು ಸಂಜೆ ಆರಕ್ಕೆ, ಅಂದರೆ ಸರಿಯಾಗಿ ನನ್ನ ರಟ್ಟಿನ ಕೆಂಪು ಶಾಯಿಯ ಜಾಗದಲ್ಲಿ. "ಮಧ್ಯಾಹ್ನ ಮೂರಕ್ಕೆ ರುಬ್ಬಿದರೆ ಏನು ಗಂಟು ಹೋಗುತ್ತದೆ?" ಎಂದು ಹಟ ಹಿಡಿದೆ. ಅವಳು ಒಂದು ದಿನ ನನ್ನ ಮಾತು ಕೇಳಿದಳು. ನಮ್ಮ ಕರಾವಳಿಯ ಏಪ್ರಿಲ್ ಸೆಕೆ ನಿಮಗೆ ಗೊತ್ತಲ್ಲ. ಬೆಳಿಗ್ಗೆ ಏಳುವಾಗ ಹಿಟ್ಟು ಹುದುಗಿ, ಉಕ್ಕಿ, ಪಾತ್ರೆಯ ಮುಚ್ಚಳವನ್ನು ತಲೆಯ ಮೇಲೆ ಹೊತ್ತುಕೊಂಡು, ಕಟ್ಟೆ ಇಳಿದು, ಹೊಸಿಲಿನ ತನಕ ಬಂದಿತ್ತು. "ಹೆಣೆ ಗಿರಿಜಾ, ನಿನ್ ಹಿಟ್ಟ್ ಪ್ಯಾಟಿಗ್ ಹೊರ್ಟಿತ್ತ್ ಕಾಣ್! ಟಿಕೇಟ್ ತೆಗ್ದಿತ್ತಾ ಕೇಣ್ ನಿನ್ ಗಂಡನ್ ಹತ್ರ" ಎಂದರು ಅತ್ತೆ. ಸರಿ, ಹಾಗಾದರೆ ರಾತ್ರಿ ಹತ್ತರ ಮೇಲೆ ರುಬ್ಬು ಎಂದೆ. ಅದನ್ನೂ ಮಾಡಿದಳು. ಬೆಳಿಗ್ಗೆ ಹಿಟ್ಟು ಹುದುಗದೆ ಕಲ್ಲಿನಂತೆ ಕುಳಿತಿತ್ತು. ಹಟ್ಟಿಯಂಗಡಿಯ ಕ್ಯಾಂಟೀನಿನವರು ಫೋನು ಮಾಡಿ, "ಗಿರಿಜಕ್ಕ, ಇದ್ ದೋಸಿ ಹಿಟ್ಟಾ, ಗ್ವಾಡಿಗ್ ಬಳುವ ಸುಣ್ಣವಾ? ಕಾವಲಿ ಮೇಲೆ ಹುಯ್ರೆ ಒಂದ್ ತೂತ್ ಬೀಳ್ತಿಲ್ಲ" ಎಂದು ಕೇಳಿದರು. ಗಿರಿಜ ಫೋನು ಇಟ್ಟು ನನ್ನ ಕಡೆ ತಿರುಗಿ, "ಕಾಣಿ, ಹಿಟ್ಟಿಗೆ ನಿಮ್ ಮೀಟ್ರ್ ಓದುಕೆ ಬತ್ತಿಲ್ಲ. ಅದ್ ಹುಳಿ ಬಪ್ಪುದ್ ಅದ್ರ್ ಟೈಮಿಗೆ" ಎಂದಳು. ಅತ್ತೆ ಅದಕ್ಕೆ ಒಗ್ಗರಣೆ ಹಾಕಿದರು: "ಬಸ್ರಿ ಹೆಂಗ್ಸ್ ಗಡಿಯಾರ ಕಂಡ್ಕಂಡ್ ಹೆರ್ತ್ಳಾ ಮಗಾ?"

ಹೀಗೆ ಬ್ಯಾಟರಿ ಮನೆಗೆ ಬಂತು. ಅಗ್ಗದ ಹೊತ್ತಿನಲ್ಲಿ ತುಂಬಿಸಿಟ್ಟು ದುಬಾರಿ ಹೊತ್ತಿನಲ್ಲಿ ಬಳಸುವುದು. ಹಿಟ್ಟೂ ತನ್ನ ಟೈಮಿಗೆ, ಕರೆಂಟೂ ತನ್ನ ಟೈಮಿಗೆ. ವಂಡ್ಸೆಯ ಸುರೇಂದ್ರ ಎಂಬ ಎಲೆಕ್ಟ್ರಿಷಿಯನ್ನು ಅದನ್ನು ಕೂರಿಸಿ, ಪಕ್ಕದಲ್ಲೊಂದು ದಪ್ಪನೆಯ ಕೆಂಪು ಸ್ವಿಚ್ಚು ಇಟ್ಟು, "ಅಣ್ಣ, ಇದ್ ಎಲ್ಲಾ ಅದೇ ಮಾಡ್ಕಂತ್ತ್. ರಾತ್ರಿ ಹತ್ರ ಮೇಲೆ ತುಂಬ್ಸ್ಕಂತ್ತ್, ಸಂಜಿ ಆರಕ್ಕೆ ಕೊಡುಕೆ ಸುರು ಮಾಡತ್ತ್. ನೀವ್ ಕೈ ಹಾಕ್ದಿದ್ರೆ ಸಾಕ್. ಕೆಂಪ್ ಸ್ವಿಚ್ ರಿಪೇರಿಗ್ ಮಾತ್ರ" ಎಂದ. ಟೈಮ್‌ಕೀಪರು ಇಲ್ಲದೆಯೇ ಹೊರಡುವ ಬಸ್ಸನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಅವನ ಬೈಕು ತಿರುವು ದಾಟಿದ್ದೇ ತಡ, ರಾತ್ರಿ ತುಂಬಿಸಿಕೊಳ್ಳುವುದನ್ನು ಅದಕ್ಕೇ ಬಿಟ್ಟು, ಸಂಜೆಯ ಪಾಳಿಯನ್ನು ಮಾತ್ರ ಆಟೋಮ್ಯಾಟಿಕ್ಕಿನಿಂದ ತೆಗೆದು ನಾನೇ ವಹಿಸಿಕೊಂಡೆ. ಸಂಜೆ ಸರಿಯಾಗಿ ಆರಕ್ಕೆ ಸೀಟಿ ಊದಿ ಗುಂಡಿ ಒತ್ತುತ್ತಿದ್ದೆ. ಸೀಟಿ ಏಕೆ ಎಂದು ಕೇಳಬೇಡಿ. ಕೈಗೆ ಅದಿಲ್ಲದೆ ಧೈರ್ಯ ಬರುವುದಿಲ್ಲ.

ಮೊದಲ ದಿನ ಬ್ಯಾಟರಿಯ ಪರದೆಯ ಮೇಲೆ ನೂರು ಎಂದಿತ್ತು. ನೂರಕ್ಕೆ ನೂರು! ಶಾಲೆಯಲ್ಲಿ ಕಾಣದ ಅಂಕಿಯನ್ನು ಸ್ವಂತ ಗೋಡೆಯ ಮೇಲೆ ಕಂಡವನ ಸಂತೋಷ ನಿಮಗೆ ಅರ್ಥವಾಗಬೇಕು. ಗ್ರೈಂಡರು ತಿರುಗಿತು. ತೊಂಬತ್ತೊಂಬತ್ತು. ತೊಂಬತ್ತೆಂಟು. ಒಂದೊಂದು ಅಂಕಿ ಇಳಿದಾಗಲೂ ತುಂಬಿದ ಬಸ್ಸಿನಿಂದ ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿದು ಹೋದಂತೆ ನನ್ನ ಹೊಟ್ಟೆ ಉರಿಯತೊಡಗಿತು. ಮರುದಿನದಿಂದ ಆರರ ಮೇಲೆ ಚಾವಡಿಯ ದೀಪ ಬೇಡ ಎಂದೆ. ಎರಡು ದಿನ ಬಿಟ್ಟು ರಾತ್ರಿ ಹತ್ತರ ತನಕ ಫ್ಯಾನೂ ಬೇಡ ಎಂದೆ. ಅತ್ತೆಯ ಧಾರಾವಾಹಿಗೂ ಕತ್ತರಿ ಹಾಕಿದೆ. ಅವರು ಬೀಸಣಿಗೆ ಕಂಕುಳಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋಗಿ ಧಾರಾವಾಹಿ ನೋಡತೊಡಗಿದರು. ಅಲ್ಲಿ ಯಾರಾದರೂ, "ಎಂತ ಅಮ್ಮ, ನಿಮ್ಮಲ್ಲಿ ಕರೆಂಟ್ ಇಲ್ಯಾ?" ಎಂದು ಕೇಳಿದರೆ, "ಇತ್ತ್ ಇತ್ತ್, ಮಸ್ತ್ ಇತ್ತ್. ಅಳಿಯ ಅದನ್ನ ಪೆಟ್ಟಿಗಿಯಂಗೆ ಹಾಕಿ ಕಾವ್ಲ್ ಕೂಕಂಡಿರ್" ಎನ್ನುತ್ತಿದ್ದರಂತೆ. ಮನೆ ಕತ್ತಲೆ, ಬ್ಯಾಟರಿ ಮಾತ್ರ ತುಂಬು ಗರ್ಭಿಣಿ. ನಿನ್ನೆ ರಾತ್ರಿಯೂ ಎಪ್ಪತ್ತು ಉಳಿಸಿದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಬಡಾಯಿ ಕೊಚ್ಚಿದೆ. ಡ್ರೈವರ್ ವಾಸು ಬೀಡಿ ಕಿವಿಗೆ ಸಿಕ್ಕಿಸಿಕೊಂಡು, "ಅಲ್ಲ ಟೈಮಣ್ಣ, ಬಸ್ಸಿಗ್ ಟ್ಯಾಂಕ್ ತುಂಬ ಡೀಸಿಲ್ ಹಾಕಿ ಶೆಡ್ಡಂಗೆ ನಿಲ್ಸಿ, ಜನ್ರನ್ನ ನಡ್ಸ್ಕಂಡ್ ಹೋದಾಂಗ್ ಆಯ್ತಲ್ದಾ ಇದ್?" ಎಂದ. ನಾನು ಅವನ ಬಸ್ಸಿಗೆ ಟೈಮಾಯಿತೆಂದು ಸೀಟಿ ಊದಿ ಮಾತು ಮುಗಿಸಿದೆ.

ಇಷ್ಟರಲ್ಲಿ ಗಿರಿಜೆಗೆ ದೊಡ್ಡದೊಂದು ಕರೆ ಬಂತು. ಮುಂಬೈಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಬಂದ ರಾಜೀವಣ್ಣ ಎಂಬವರು ಹಾಲಾಡಿಯ ಜಂಕ್ಷನ್ನಿನಲ್ಲಿ ಹೊಸ ಹೋಟೆಲು ತೆರೆಯುವವರಿದ್ದರು. ಅವರೇ ಮನೆಗೆ ಬಂದು, ಹಿಟ್ಟಿನಲ್ಲಿ ಬೆರಳು ಅದ್ದಿ ಮೂಸಿ, "ಏಕ್‌ದಮ್ ಸರಿ ಇತ್ತ್ ಗಿರಿಜಕ್ಕ. ಓಪನಿಂಗ್ ದಿನಕ್ಕೆ ನೀವೇ ಕೊಡಿ. ಅವತ್ತ್ ಸರಿ ಆಯ್ತಾ, ಮತ್ತೆ ದಿನಾ ನಿಮ್ದೇ. ಸರಿ ಆಗ್ದಿದ್ರೆ ಬೇಜಾರ್ ಮಾಡ್ಕಂಬುಕಾಗ, ಬೇರೆಯೋರ್ ಕಾಯ್ತಾ ಇದ್ರ್" ಎಂದರು. ಅವರು ಹೋದ ಮೇಲೆ ಗಿರಿಜ ಕುಣಿಯಲಿಲ್ಲ, ನಗಲೂ ಇಲ್ಲ. ಸ್ವಚ್ಛವಾಗಿದ್ದ ಗ್ರೈಂಡರನ್ನೇ ಮತ್ತೆರಡು ಸಲ ತೊಳೆದಳು. ಊಟಕ್ಕೆ ಬಡಿಸುವಾಗ ಒಮ್ಮೆ, ಯಾರಿಗೂ ಅಲ್ಲವೆಂಬಂತೆ, "ಹಾಲಾಡಿ ಜಂಕ್ಷನ್ನಂಗೆ ನನ್ ಹಿಟ್ಟ್" ಎಂದಳು. ಹನ್ನೊಂದು ವರ್ಷ ಅವಳು ಏನನ್ನು ಕಾಯುತ್ತಿದ್ದಳೆಂದು ನನಗೆ ಆಗ ತಿಳಿಯಿತು. ನನ್ನಿಂದ ಅವಳು ಕೇಳಿದ್ದು ಒಂದೇ. "ಅವತ್ತೊಂದಿನ ನೀವ್ ಎಂತದೂ ಮಾಡುದ್ ಬ್ಯಾಡ. ಸುಮ್ನೆ ಇರಿ ಅಷ್ಟೇ."

ಜಗತ್ತಿನಲ್ಲಿ ಗಂಡಸಿಗೆ ವಹಿಸಬಾರದ ಕೆಲಸವೆಂದರೆ ಇದೊಂದೇ. ಹೆಂಡತಿಯ ಬದುಕಿನ ದೊಡ್ಡ ದಿನ, ನಾನು ಸುಮ್ಮನಿರುವುದೆ? ಬಸ್ಸಿನವರಲ್ಲಿ ಒಂದು ಪದ್ಧತಿಯಿದೆ. ಮದುವೆ ದಿಬ್ಬಣದ ಸ್ಪೆಷಲ್ ಟ್ರಿಪ್ಪು ಇದ್ದರೆ ಹಿಂದಿನ ದಿನವೇ ಬಸ್ಸನ್ನು ಲೈನಿನಿಂದ ತೆಗೆದು, ತೊಳೆದು, ರಾತ್ರಿ ಶೆಡ್ಡಿನಲ್ಲಿ ಬ್ಯಾಟರಿಯ ತಂತಿಯನ್ನು ಕಳಚಿ ಇಡುತ್ತಾರೆ. ಹಳೆಯ ವಯರುಗಳು ಒಳಗೊಳಗೇ ಕರೆಂಟು ತಿನ್ನದಿರಲಿ, ಮಲಗಲು ಬಂದ ಕ್ಲೀನರು ಇಡೀ ರಾತ್ರಿ ಹಾಡು ಹಾಕದಿರಲಿ, ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಗಾಡಿ ಗುಡುಗಲಿ ಎಂದು. ನಾನೂ ಹಾಗೇ ಮಾಡಿದೆ. ಮರುದಿನ ಗ್ರೈಂಡರು ಹೋಟೆಲಿಗೇ ಬೇಕೆಂದು ಹಿಂದಿನ ದಿನ ಗಿರಿಜ ಎಂದಿನ ಮೂರರಷ್ಟು ರುಬ್ಬಿದ್ದಳು, ಬ್ಯಾಟರಿ ಸುಸ್ತಾಗಿತ್ತು. ಒದ್ದೆ ಬಟ್ಟೆಯಲ್ಲಿ ಅದರ ಮೈ ಒರೆಸಿ, ಒಂದು ಚುಕ್ಕೆ ಕುಂಕುಮ ಇಟ್ಟು, ನಾಳೆ ಸ್ಪೆಷಲ್ ಟ್ರಿಪ್ಪು, ಚೆನ್ನಾಗಿ ವಿಶ್ರಾಂತಿ ತೆಗೆದುಕೋ ಎಂದು ಕೆಂಪು ಸ್ವಿಚ್ಚನ್ನು ಕೆಳಗೆಳೆದು ಮಲಗಿದೆ. ಬಸ್ಸಿನ ಬ್ಯಾಟರಿ ತುಂಬುವುದು ಹಗಲು ಓಡುವಾಗ, ದಣಿವಾರಿಸಿಕೊಳ್ಳುವುದು ರಾತ್ರಿ. ನಮ್ಮ ಮನೆಯದು ಊಟ ಮಾಡುವುದೇ ರಾತ್ರಿ. ಈ ಒಂದು ಸಣ್ಣ ವ್ಯತ್ಯಾಸ ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ನಾನು ಡ್ಯೂಟಿಗೆ ಹೋದೆ.

ಈಗ ಆರಕ್ಕೆ ಐದು ನಿಮಿಷದ ನಮ್ಮ ಅಡುಗೆಮನೆಗೆ ಬನ್ನಿ. ಮೇ ತಿಂಗಳ ಸಂಜೆ, ಮರುದಿನ ಬೆಳಿಗ್ಗೆ ಹಾಲಾಡಿಯ ಹೋಟೆಲಿನ ಓಪನಿಂಗ್, ಮೂಡಣ ದಿಕ್ಕಿನಲ್ಲಿ ಮೋಡ ಕಪ್ಪಗೆ ಕಟ್ಟಿದೆ. ಬಕೆಟ್ಟುಗಳ ತುಂಬ ತೊಳೆದು ನೆನೆಹಾಕಿದ ಅಕ್ಕಿ, ಉದ್ದು. ನಾನು ಕೆಂಪು ಸ್ವಿಚ್ಚನ್ನು ಮೇಲಕ್ಕೆತ್ತಿ, ಸೀಟಿಯನ್ನು ತುಟಿಗಿಟ್ಟು ಪರದೆ ನೋಡಿದೆ. ಹನ್ನೊಂದು. ಸೀಟಿಯಿಂದ ಗಾಳಿ ಮಾತ್ರ ಹೊರಬಂತು.

"ಎಂತ ಆಯ್ತ್?" ಎಂದಳು ಗಿರಿಜ.

"ರಾತ್ರಿ ಲೈನಂಗೆ ಕರೆಂಟೇ ಇರ್ಲಿಲ್ಲ ಕಾಣತ್ತ್" ಎಂದೆ. ಸುಳ್ಳು ಹೇಳುವಾಗ ನನ್ನ ಧ್ವನಿ ದಪ್ಪಗಾಗುತ್ತದೆ.

ಅತ್ತೆ ಬಾಳೆಕಾಯಿಯಿಂದ ತಲೆ ಎತ್ತಲಿಲ್ಲ. "ಕರೆಂಟ್ ಎಂತಕ್ ಇಲ್ಲ? ನನ್ ಫ್ಯಾನ್ ಬೆಳ್ಗಿನ್ ತನ್ಕ ತಿರ್ಗಿತ್ತ್. ಅಳಿಯನೇ ನಿನ್ನೆ ಬ್ಯಾಟ್ರಿಗ್ ಮೀಸಿ, ಬೊಟ್ಟ್ ಇಟ್ಟ್, ಸ್ವಿಚ್ ಕೆಳ್ಗ್ ಹಾಕಿ ಮಲ್ಗ್ಸಿರ್. ಜೋಗುಳ ಒಂದ್ ಬಾಕಿ ಇತ್ತ್."

ಗಿರಿಜ ನನ್ನ ಮುಖವನ್ನೊಮ್ಮೆ ನೋಡಿ, "ಇರ್ಲಿ, ಲೈನ್ ಕರೆಂಟಂಗೇ ರುಬ್ಬುವ. ದುಬಾರಿ ಆರೆ ಆಯ್ಲಿ" ಎಂದಳು. ಇಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಆರು ಗಂಟೆಯ ದುಬಾರಿ ಹೊತ್ತಿನಲ್ಲಿ, ನನ್ನ ಕಣ್ಣೆದುರು, ಲೈನಿನ ಕರೆಂಟು! "ಹತ್ತರ ತನಕ ಕಾದರೆ..." ಎಂದು ಬಾಯಿ ತೆರೆದೆ. ತೆರೆದ ಬಾಯಿ ಮುಚ್ಚುವುದರೊಳಗೆ ಆಕಾಶ ಸಿಡಿಯಿತು. ಮನೆಯ, ಬೀದಿಯ, ಊರಿನ ದೀಪಗಳೆಲ್ಲ ಒಟ್ಟಿಗೇ ಆರಿಹೋದವು. ಎಲ್ಲೋ ತಂತಿಯ ಮೇಲೆ ಮರ ಬಿದ್ದಿದೆ, ಬೆಳಗಿನವರೆಗೆ ಆಸೆ ಬೇಡ ಎಂದು ಫೋನಿನಲ್ಲಿ ಲೈನ್‌ಮ್ಯಾನ್ ಹೇಳಿದ.

ಬ್ಯಾಟರಿಯಲ್ಲಿ ಉಳಿದಿದ್ದ ಹನ್ನೊಂದರಲ್ಲಿ ಉದ್ದು ರುಬ್ಬಿ ಆಯಿತು. ಅಕ್ಕಿಯ ಮೊದಲ ಹಿಡಿ ಹಾಕುವಾಗ ಬ್ಯಾಟರಿ ಕೀಂ ಎಂದು ಕಣ್ಣು ಮುಚ್ಚಿತು. ಗಿರಿಜ ಗ್ರೈಂಡರಿನ ಪಕ್ಕ ನೆಲದ ಮೇಲೆಯೇ ಕುಳಿತಳು. ಬೈಯಲಿಲ್ಲ. ನನ್ನ ಸಂಸಾರದಲ್ಲಿ ನಾನು ತಿಂದ ಬೈಗುಳವನ್ನೆಲ್ಲ ಒಟ್ಟು ಹಾಕಿದರೆ ಬೈಂದೂರಿನಿಂದ ಬ್ರಹ್ಮಾವರದ ತನಕ ಹಾಸಬಹುದು. ಆದರೆ ಅದೆಲ್ಲ ಸೇರಿದರೂ ಅವಳು ಕತ್ತಲೆಯಲ್ಲಿ ಕುಳಿತು ಅಕ್ಕಿಯ ಬಕೆಟ್ಟಿನಲ್ಲಿ ಸುಮ್ಮನೆ ಕೈ ಆಡಿಸುತ್ತಿದ್ದುದಕ್ಕೆ ಸಮನಾಗುವುದಿಲ್ಲ. ಅತ್ತೆ ಬಾಳೆಕಾಯಿಯ ತಟ್ಟೆ ಬದಿಗೆ ಸರಿಸಿ ಮಗಳ ಪಕ್ಕ ಬಂದು ಕುಳಿತರು. ಅದು ಇನ್ನೂ ಕಷ್ಟವಾಗಿತ್ತು.

ನಾನು ಅಂಗಳಕ್ಕೆ ಬಂದು ಕಂಡಕಂಡಲ್ಲಿಗೆಲ್ಲ ಫೋನು ಮಾಡಿದೆ. ಎಲ್ಲೂ ಕರೆಂಟಿಲ್ಲ. ಕೊನೆಗೆ ಬ್ರಹ್ಮಾವರದಲ್ಲಿರುವ ಗಿರಿಜೆಯ ತಂಗಿ ಶಾಲಿನಿ ಫೋನು ಎತ್ತಿ, "ಇಲ್ಲ್ ಲೈಟ್ ಇತ್ತಲೆ ಭಾವ. ಅಕ್ಕಿ ತಕಂಡ್ ಬನ್ನಿ, ನಮ್ ಗ್ರೈಂಡರ್ ಖಾಲಿ ಇತ್ತ್" ಎಂದಳು. ರಿಕ್ಷಾದವನು ಈ ಗುಡುಗಿಗೆ ಬರುವುದಿಲ್ಲ ಎಂದುಬಿಟ್ಟ. ಗಡಿಯಾರ ನೋಡಿದೆ. ಬೈಂದೂರಿನಿಂದ ಬ್ರಹ್ಮಾವರದ ಕಡೆ ಹೋಗುವ ವಾಸುವಿನ ಬಸ್ಸು ನಮ್ಮ ಮನೆಯೆದುರು ಹಾಯುವುದಕ್ಕೆ ನಾಲ್ಕು ನಿಮಿಷವಿತ್ತು. ನಾನೇ ಸೀಟಿ ಊದಿ ಕಳಿಸುವ ಬಸ್ಸು, ತಪ್ಪುವುದಿಲ್ಲ.

ಮಳೆಯಲ್ಲಿ ರಸ್ತೆಯ ಅಂಚಿಗೆ ನಿಂತು ಎರಡೂ ಕೈ ಅಗಲಿಸಿದೆ. ಬಸ್ಸು ನಿಂತಿತು. ವಾಸು ಕಿಟಕಿಯಿಂದ ತಲೆ ಹಾಕಿ, "ಹತ್ತಿ ಹತ್ತಿ ಟೈಮಣ್ಣ, ಟೈಮ್ ಆಯ್ತ್" ಎಂದ.

"ಆರ್ ಬಕೆಟ್ ಅಕ್ಕಿ ಇತ್ತ್ ವಾಸು, ಒಳ್ಗಿಂದ ತರ್ಕ್. ಒಂದ್ ನಿಮ್ಷ..."

ವಾಸು ನಿಧಾನವಾಗಿ ಇಂಜಿನ್ನನ್ನೇ ಬಂದ್ ಮಾಡಿದ. "ಎಂತ ಹೇಳ್ರಿ? ಇನ್ನೊಂದ್ಸಲ ಹೇಳಿ. ಹಿಂದಿನ್ ಸೀಟಿನೋರಿಗ್ ಕೇಣ್ಲಿಲ್ಲ ಅಂಬ್ರ್."

"ಒಂದ್ ನಿಮ್ಷ ನಿಲ್ಸ್ ಮಾರಾಯಾ" ಎಂದೆ, ಗಟ್ಟಿಯಾಗಿ. ಇಡೀ ಬಸ್ಸು ಹೋ ಎಂದು ನಕ್ಕಿತು. ನನ್ನಿಂದ ಒಂದಲ್ಲ ಒಂದು ದಿನ ಬಸ್ಸು ತಪ್ಪಿಸಿಕೊಂಡವರೇ ಅದರಲ್ಲಿ ಅರ್ಧ ಜನ. "ಹ್ವಾಯ್, ನಿಮ್ ಅಕ್ಕಿಗ್ ಮುಂದಿನ್ ಬಸ್ ಇತ್ತ್!" ಎಂದು ಒಬ್ಬಳು ಹೆಂಗಸು ಕೂಗಿದಳು. ಕೂಗಿದವಳೇ ಮೊದಲು ಇಳಿದು ಬಂದಳು. ಅವಳ ಹಿಂದೆ ಕಂಡಕ್ಟರು, ಅವನ ಹಿಂದೆ ನಾಲ್ಕೈದು ಜನ. ಅಡುಗೆಮನೆಯಿಂದ ಬಸ್ಸಿನ ಬಾಗಿಲಿನ ತನಕ ಸಾಲು ನಿಂತು ಬಕೆಟ್ಟುಗಳು ಕೈಯಿಂದ ಕೈಗೆ ದಾಟಿದವು. ರುಬ್ಬಿದ ಉದ್ದಿನ ಪಾತ್ರೆಯನ್ನು ಮಾತ್ರ ಗಿರಿಜ ಯಾರ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡು ಡ್ರೈವರಿನ ಹಿಂದಿನ ಸೀಟಿನಲ್ಲಿ ಕುಳಿತಳು. ನನ್ನ ಕೈಗಡಿಯಾರದಂತೆ ಏಳು ನಿಮಿಷವಾಗಿತ್ತು. ತಿರುವುಗಳಲ್ಲಿ ಅಕ್ಕಿಯ ನೀರು ಚೆಲ್ಲಿ, ಜನರೆಲ್ಲ ಕಾಲು ಮೇಲಿಟ್ಟುಕೊಂಡು ಬ್ರಹ್ಮಾವರ ಸೇರಿದೆವು. ವಾಸು ದಾರಿಯಲ್ಲಿ ಒಂದೇ ಒಂದು ಗುಂಡಿಗೂ ಬಸ್ಸನ್ನು ಇಳಿಸಲಿಲ್ಲ. ಅವನಿಗೆ ಹಾಗೂ ಬಸ್ಸು ಓಡಿಸಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಶಾಲಿನಿಯ ಮನೆಯಲ್ಲಿ ಅಕ್ಕತಂಗಿಯರು ಒಂಬತ್ತರೊಳಗೆ ರುಬ್ಬಿ ಮುಗಿಸಿದರು. ನನ್ನನ್ನು ಸ್ವಿಚ್‌ಬೋರ್ಡಿನಿಂದ ಆದಷ್ಟು ದೂರ, ತುಳಸಿಕಟ್ಟೆಯ ಬಳಿ ಒಂದು ಕುರ್ಚಿ ಹಾಕಿ ಕೂರಿಸಿದರು. ಅಲ್ಲಿ ನಾನು ಏನೂ ಮಾಡಲಿಲ್ಲ. ಸೆಕೆ ಹದವಾಗಿತ್ತು, ಹಿಟ್ಟು ತನ್ನ ಪಾಡಿಗೆ ಉಬ್ಬಿತು. ಬೆಳಗಿನ ಮೊದಲ ಬಸ್ಸಿನಲ್ಲಿ ಹಾಲಾಡಿ ಮುಟ್ಟಿದೆವು. ರಾಜೀವಣ್ಣ ಮುಚ್ಚಳ ತೆಗೆದು ಮೂಸಿದರು. ತಾವೇ ಕಾವಲಿಯ ಮುಂದೆ ನಿಂತು ಮೊದಲ ದೋಸೆ ಹುಯ್ದರು. ಅದರ ಮೈತುಂಬ ತೂತು ಬೀಳುವ ತನಕ ಗಿರಿಜ ನನ್ನ ಮೊಣಕೈಯನ್ನು ಉಗುರು ಊರುವಂತೆ ಹಿಡಿದಿದ್ದಳು. "ನಾಳಿಂದ ದಿನಾ ಕಳ್ಸಿ ಅಕ್ಕ" ಎಂದರು ಅವರು, ದೋಸೆ ಮಗುಚದೆಯೇ. ಅವಳು ಕೈ ಬಿಟ್ಟಳು. ನಾಲ್ಕು ಉಗುರಿನ ಗುರುತು ಎರಡು ದಿನ ಇತ್ತು. ಬ್ಯಾಟರಿಯನ್ನು ಸುರೇಂದ್ರ ಬಂದು ಆಟೋಮ್ಯಾಟಿಕ್ಕಿಗೆ ಹಾಕಿ, ಅದಕ್ಕೊಂದು ಗುಟ್ಟಿನ ಸಂಖ್ಯೆ ಇಟ್ಟು ಹೋಗಿದ್ದಾನೆ. ಆ ಸಂಖ್ಯೆ ಅತ್ತೆಗೆ ಬಾಯಿಪಾಠ, ನನಗೆ ಹೇಳಿಲ್ಲ. ದಿನಾ ಸಂಜೆ ಆರಕ್ಕೆ ಅದು ತಾನಾಗಿಯೇ ಹೊರಡುತ್ತದೆ, ಒಂದು ನಿಮಿಷವೂ ಹೆಚ್ಚುಕಮ್ಮಿಯಿಲ್ಲ. ಟೈಮ್‌ಕೀಪರನೊಬ್ಬನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಮುಂದಿನ ಸೋಮವಾರ ಬ್ರಹ್ಮಾವರದ ಟೈಮ್‌ಕೀಪರಿಂದ ನಮ್ಮ ಸ್ಟ್ಯಾಂಡಿಗೆ ಒಂದು ದೂರು ಬಂತು, ವಾಸುವಿನ ಬಸ್ಸು ಏಳು ನಿಮಿಷ ತಡವಾಗಿದೆ ಎಂದು. ತಡ ಯಾರಿಂದಾಯಿತೋ ಅವರೇ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕೆಂಬ ನಿಯಮ ನಾನೇ ಮಾಡಿದ್ದು. ವಾಸು ಪುಸ್ತಕವನ್ನು ತಂದು, ಪುಟ ಬಿಡಿಸಿ, ಪೆನ್ನನ್ನೂ ತೆರೆದು ಕೊಟ್ಟ. ಕಾರಣ ಎಂಬ ಕಡೆ ನಾನು 'ಅಕ್ಕಿ ನೆನೆದಿತ್ತು' ಎಂದು ಬರೆದು ಸಹಿ ಹಾಕಿದೆ. ಅವನು ಅದನ್ನು ಎರಡು ಸಲ ಓದಿ, ಪುಸ್ತಕ ಮುಚ್ಚಿ, ಬಸ್ಸು ಹತ್ತಿದ.